ಟೈನ್ ಸೇತುವೆಯ ಹಕ್ಕಿಗಳು ಚಿಪ್ಸ್ ಆಸೆಗೆ ಬಂದವೇ?

ಪ್ರಶ್ನೆ: ಇಂಗ್ಲೆಂಡಿನ ನ್ಯೂಕಾಸಲ್‌ನ ಟೈನ್ ಸೇತುವೆಯಲ್ಲಿ ಬೇಸಿಗೆಯುದ್ದಕ್ಕೂ ಕಿರುಚುವ ಸೀಗಲ್‌ಗಳು ಜನ ಚೆಲ್ಲುವ ಚಿಪ್ಸ್ ತಿನ್ನಲೆಂದೇ ಸಮುದ್ರ ಬಿಟ್ಟು ಬಂದವಂತೆ. ಚೆಲ್ಲುವುದನ್ನು ನಿಲ್ಲಿಸಿದರೆ ಹೊರಟುಹೋಗುತ್ತವೆಯೇ?

ಉತ್ತರ: ಹೋಗುವುದಿಲ್ಲ, ಏಕೆಂದರೆ ಅವು ಚಿಪ್ಸ್‌ಗಾಗಿ ಬಂದವುಗಳೇ ಅಲ್ಲ. ಮಾರ್ಚ್ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಸೇತುವೆಯಲ್ಲಿ ಗೂಡು ಕಟ್ಟುವುದು ಕಿಟ್ಟಿವೇಕ್. ಇದೂ ಗಲ್ ಜಾತಿಯದೇ, ಆದರೆ ನಿಮ್ಮ ಕೈಯ ಪೊಟ್ಟಣಕ್ಕೆ ಎರಗುವ ಹೆರಿಂಗ್ ಗಲ್‌ನೊಡನೆ ಇದನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಹೆರಿಂಗ್ ಗಲ್ ದೊಡ್ಡ ಹಕ್ಕಿ. ಕಾಲು ನಸುಗೆಂಪು, ಹಳದಿ ಕೊಕ್ಕಿನ ಕೆಳಭಾಗದಲ್ಲಿ ಕೆಂಪು ಚುಕ್ಕೆ. ಕಿಟ್ಟಿವೇಕ್‌ಗೆ ಆ ಚುಕ್ಕೆಯಿಲ್ಲ, ಕಾಲು ಕಪ್ಪು, ರೆಕ್ಕೆಯ ತುದಿಯಂತೂ ಶಾಯಿಯಲ್ಲಿ ಅದ್ದಿ ತೆಗೆದಷ್ಟು ಕಪ್ಪು. ಅದರ ಆಹಾರ ಸ್ಯಾಂಡ್ ಈಲ್‌ನಂತಹ ಸಣ್ಣ ಕಡಲ ಮೀನು. ಸೇತುವೆಯಿಂದ ಸಮುದ್ರಕ್ಕೆ ಸುಮಾರು 13 ಕಿ.ಮೀ. ಇದ್ದರೂ ಅದು ನದಿಗುಂಟ ಹಾರಿಹೋಗಿ, ಮೀನು ನುಂಗಿ ತಂದು, ಗೂಡಿನಲ್ಲಿ ಕಕ್ಕಿ ಮರಿಗೆ ಉಣಿಸುತ್ತದೆ. ಕಾಲಬುಡದಲ್ಲೇ ಬಿದ್ದಿರುವ ಚಿಪ್ಸ್ ಬೇಕಿದ್ದರೆ ಇಷ್ಟು ಪಾಡು ಯಾಕೆ ಪಡಬೇಕಿತ್ತು? ಇನ್ನೊಂದು ಮಾತು: ಚಿಪ್ಸ್ ಅಂಗಡಿಗಳು ವರ್ಷವಿಡೀ ತೆರೆದಿರುತ್ತವೆ, ಆದರೆ ಈ ಹಕ್ಕಿಗಳು ಆಗಸ್ಟ್ ಹೊತ್ತಿಗೆ ಜಾಗ ಖಾಲಿ ಮಾಡಿ ಚಳಿಗಾಲವನ್ನು ನಡುಗಡಲಿನಲ್ಲಿ ಕಳೆಯುತ್ತವೆ.

ಹಾಗಾದರೆ ಅವುಗಳಿಗೆ ಬೇಕಾದದ್ದೇನು? ಕಡಿದಾದ ಗೋಡೆ ಮತ್ತು ಅದರಲ್ಲೊಂದು ಕಿರಿದಾದ ಅಂಚು. ಉತ್ತರದ ಫಾರ್ನ್ ದ್ವೀಪಗಳಲ್ಲಿ ಇದೇ ಹಕ್ಕಿ ಕಡಲಬಂಡೆಯ ಅಂಚಿನಲ್ಲಿ ಕೆಸರು, ಹುಲ್ಲು ಮೆತ್ತಿ ಗೂಡು ಕಟ್ಟಿ ಸಾಮಾನ್ಯವಾಗಿ ಎರಡು ಮೊಟ್ಟೆಯಿಡುತ್ತದೆ. ಬೇರೆ ಗಲ್‌ಗಳ ಮರಿಗಳು ಕೆಲವೇ ದಿನಗಳಲ್ಲಿ ಓಡಾಡತೊಡಗಿದರೆ, ಇದರ ಮರಿ ಹಾರಲು ಬರುವವರೆಗೂ ಕೂತಲ್ಲೇ ಕೂತಿರುತ್ತದೆ. 1928ರಲ್ಲಿ ತೆರೆದ ಟೈನ್ ಸೇತುವೆಯ ಗೋಪುರಗಳು ಅದರ ಕಣ್ಣಿಗೆ ಅಂತಹದೇ ಬಂಡೆ. 1960ರ ದಶಕದಲ್ಲಿ ಎದುರುದಡದ ಗೇಟ್ಸ್‌ಹೆಡ್‌ನ ಬಾಲ್ಟಿಕ್ ಹಿಟ್ಟಿನ ಗಿರಣಿಯ ಮೇಲೂ ಗೂಡುಗಳು ಎದ್ದವು. ಗಿರಣಿ ಎಂದಾಕ್ಷಣ ಧಾನ್ಯಕ್ಕೆ ಬಂದವು ಎಂದು ದಯವಿಟ್ಟು ಹೊಸ ಕಥೆ ಹೊಸೆಯಬೇಡಿ! ಅಲ್ಲಿಯೂ ಅವುಗಳನ್ನು ಸೆಳೆದದ್ದು ಗೋಡೆಯ ಅಂಚೇ. ಗಿರಣಿಯನ್ನು ಕಲಾಕೇಂದ್ರವಾಗಿಸುವಾಗ, 1998ರಲ್ಲಿ, ಈ ಹಕ್ಕಿಗಳಿಗೆಂದೇ ಪ್ರತ್ಯೇಕ ಗೋಪುರವೊಂದನ್ನು ನಿಲ್ಲಿಸಲಾಯಿತು.

ಸಮುದ್ರದಿಂದ ಇಷ್ಟು ಒಳಗೆ ಕಿಟ್ಟಿವೇಕ್‌ಗಳು ಸಂಸಾರ ಹೂಡುವ ಜಾಗ ಜಗತ್ತಿನಲ್ಲಿ ಇನ್ನೊಂದಿಲ್ಲ. 2017ರಿಂದ ಈ ಹಕ್ಕಿ ಜಾಗತಿಕವಾಗಿ ಅಪಾಯದಂಚಿನ ಪಟ್ಟಿಯಲ್ಲಿದೆ. ಉತ್ತರ ಸಮುದ್ರದ ಇಂಗ್ಲೆಂಡ್ ಭಾಗದಲ್ಲಿ ಸ್ಯಾಂಡ್ ಈಲ್ ಹಿಡಿಯುವುದನ್ನು 2024ರಲ್ಲಿ ನಿಲ್ಲಿಸಿದ್ದು ಇಂತಹ ಕಡಲಹಕ್ಕಿಗಳ ಹೊಟ್ಟೆಪಾಡನ್ನು ನೋಡಿಯೇ.