ಎಲೆಕ್ಟ್ರೋಲೈಟ್ ಏರುಪೇರು ಅಂದರೆ ಉಪ್ಪಿನ ಕೊರತೆಯಲ್ಲ

ಕಳೆದ ವಾರ ಕುಮಟಾದಿಂದ ಅತ್ತಿಗೆ ಫೋನ್ ಮಾಡಿದ್ದರು. ಅಣ್ಣನ ಮಗಳಿಗೆ ಎಂಟನೇ ತಿಂಗಳಲ್ಲೇ ಹೆರಿಗೆ ನೋವು ಶುರುವಾಗಿ, ಅದನ್ನು ತಡೆಯಲು ಟರ್ಬುಟಲಿನ್ ಕೊಟ್ಟಿದ್ದರು. ರಕ್ತ ಪರೀಕ್ಷೆಯಲ್ಲಿ ಎಲೆಕ್ಟ್ರೋಲೈಟ್ ಏರುಪೇರು ಅಂತ ಬಂತು, ಅಂದರೆ ರಕ್ತದಲ್ಲಿರುವ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಅಂಶಗಳ ಮಟ್ಟ ಹೆಚ್ಚುಕಮ್ಮಿ. "ಉಪ್ಪು ಕಡಿಮೆ ಆಗಿದ್ಯಂತೆ ಮಾರಾಯ, ಗಂಜಿಗೆ ಇನ್ನೊಂದು ಚಿಟಿಕೆ ಹಾಕ್ಲಾ?" ಅಂದರು.

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆ ಉಪ್ಪಿನಲ್ಲಿ ಇರುವುದು ಮುಖ್ಯವಾಗಿ ಸೋಡಿಯಂ ಕ್ಲೋರೈಡ್. ಅವಳಿಗೆ ಇಳಿದಿದ್ದು ಪೊಟ್ಯಾಸಿಯಂ. ಅದೂ ಮೈಯಿಂದ ಹೋಗಿರಲಿಲ್ಲ.

ಎಲೆಕ್ಟ್ರೋಲೈಟ್ ಎಂಬ ಪದವನ್ನು 1834ರಲ್ಲಿ ಬಳಕೆಗೆ ತಂದವನು ಮೈಕೆಲ್ ಫ್ಯಾರಡೆ. ಕೊನೆಯ ತುಂಡು ಗ್ರೀಕಿನದು, ಸಡಿಲಾದದ್ದು, ಬಿಚ್ಚಿಕೊಂಡದ್ದು ಅಂತ ಅರ್ಥ. ವಿದ್ಯುತ್ತಿನಿಂದ ಬಿಚ್ಚಿಕೊಳ್ಳುವ ವಸ್ತು ಎಲೆಕ್ಟ್ರೋಲೈಟ್. ಅವಧಿಗೆ ಮುಂಚಿನ ನೋವು ತಡೆಯುವ ಔಷಧಿಗೆ ಟೋಕೋಲಿಟಿಕ್ ಅನ್ನುತ್ತಾರೆ. ಅದರಲ್ಲೂ ಇದೇ ತುಂಡು ಇದೆ. ಟೋಕೋಸ್ ಅಂದರೆ ಹೆರಿಗೆ. ಬಿಗಿದ ಗರ್ಭಕೋಶವನ್ನು ಸಡಿಲ ಮಾಡುವುದು ಅದರ ಕೆಲಸ. ಎರಡೂ ಪದದಲ್ಲಿ ಉಪ್ಪಿನ ಸುದ್ದಿಯೇ ಇಲ್ಲ, ಅಲ್ವಾ?

ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತು ನೋಡಿ. ಕೆಸರು ಕಾಣುತ್ತದೆ, ಹೆಂಗಸರು ಬಳಚು (ಚಿಪ್ಪುಮೀನು) ಹೆಕ್ಕುತ್ತಾರೆ. ನೀರು ಬತ್ತಿಲ್ಲ, ಕಡಲಿಗೆ ಸರಿದಿದೆ ಅಷ್ಟೇ. ಮೈಯ ಪೊಟ್ಯಾಸಿಯಂನಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗೇ ಇರುತ್ತದೆ. ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಮಾತ್ರ. ಟರ್ಬುಟಲಿನ್, ರಿಟೋಡ್ರಿನ್‌ನಂಥ ಔಷಧಿ ಆ ಸ್ವಲ್ಪದಲ್ಲೂ ಒಂದಿಷ್ಟನ್ನು ಒಳಕ್ಕೆ ತಳ್ಳುತ್ತದೆ. ಔಷಧಿ ನಿಲ್ಲಿಸಿದ ಮೇಲೆ ಉಬ್ಬರ ಬಂದ ಹಾಗೆ ಅದು ಹೊರಗೆ ಬರುತ್ತದೆ. ಕಡಿಮೆ ಇದೆ ಅಂತ ಅವಸರದಲ್ಲಿ ಪೊಟ್ಯಾಸಿಯಂ ತುಂಬಿಸಿದ್ದರೆ ಎರಡೂ ಸೇರಿ ಮಿತಿ ಮೀರಬಹುದು. ಅದೇ ಹೊತ್ತಿಗೆ ಸಿಸೇರಿಯನ್‌ಗೆ ಪೂರ್ತಿ ಅರಿವಳಿಕೆ ಕೊಟ್ಟರೆ, ಅದಕ್ಕೆ ಬಳಸುವ, ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೂಡ ಪೊಟ್ಯಾಸಿಯಂ ಏರಿಸುತ್ತದೆ. ಆಗ ಹೃದಯದ ಬಡಿತವೇ ತಪ್ಪಬಹುದು. ಅದಕ್ಕೇ ‘ಕೊರತೆ’ ಅನ್ನಬೇಡಿ ಅನ್ನುವುದು. ‘ಏರುಪೇರು’ ಎಂಬ ನಮ್ಮ ಪದದಲ್ಲಿ ಏರುವುದೂ ಇದೆ.

ಇದೇ ನೋವು ತಡೆಯಲು ಕೆಲವೆಡೆ ಕೊಡುವ ಮೆಗ್ನೀಸಿಯಂ ಸಲ್ಫೇಟ್‌ನದು ಬೇರೆ ಕಥೆ. ಅಲ್ಲಿ ಮೆಗ್ನೀಸಿಯಂ ಏರಿ ಕ್ಯಾಲ್ಸಿಯಂ ಇಳಿಯುತ್ತದೆ, ಸ್ನಾಯು ಸೋಲುತ್ತದೆ. ಮಂಡಿ ತಟ್ಟಿ ಕಾಲು ಚಿಮ್ಮುತ್ತದಾ ಅಂತ ನೋಡುವುದು ಅದಕ್ಕೇ. ನೋವು ತಡೆಯುವ ಇನ್ನೊಂದು ಔಷಧಿ ನಿಫೆಡಿಪಿನ್ ಮಾತ್ರೆಯಲ್ಲಿ ಈ ತಾಪತ್ರಯ ಅಷ್ಟಾಗಿ ಇಲ್ಲ.

ಗಂಜಿಯ ವಿಷಯ ಬಿಡಿ ಅತ್ತಿಗೆ ಅಂದೆ. ಯಾವ ಔಷಧಿ, ಎಷ್ಟು ಗಂಟೆಗೆ ನಿಲ್ಲಿಸಿದರು ಅಂತ ಚೀಟಿಯಲ್ಲಿ ಬರೆಸಿಕೊಂಡು ಅರಿವಳಿಕೆ ಡಾಕ್ಟರಿಗೆ ತೋರಿಸಿ ಅಂದೆ.