ಉರಿಯದ ಕಲ್ಲೆಂದು ಬಿಟ್ಟಿದ್ದ ಇದ್ದಲು

ಅಮೆರಿಕದ ಪೆನ್ಸಿಲ್ವೇನಿಯಾದ ಈಶಾನ್ಯ ಭಾಗದಲ್ಲಿ ಚಳಿಗಾಲಕ್ಕೆ ಮೊದಲೇ ನೆಲಮಾಳಿಗೆಗೆ ಟನ್ನುಗಟ್ಟಲೆ ಆಂಥ್ರಸೈಟ್ ಸುರಿಸಿಕೊಳ್ಳುವ ಮನೆಗಳು ಇವತ್ತಿಗೂ ಇವೆ. ಊರಿನ ಅಕ್ಕಪಕ್ಕದಲ್ಲೇ ಅಗೆದ ಗಟ್ಟಿ, ಹೊಳಪಿನ ಕಲ್ಲಿದ್ದಲು ಅದು. ಮುಟ್ಟಿದರೆ ಕೈಗೆ ಮಸಿಯೂ ಅಷ್ಟಾಗಿ ಹತ್ತುವುದಿಲ್ಲ. 1800ರ ಸುಮಾರಿಗೆ ತಿದಿಯೂದುವ ಕಮ್ಮಾರರು ಇದನ್ನು ಬಳಸುತ್ತಿದ್ದರು. ಮನೆಯ ಒಲೆಯಲ್ಲಿ ಮಾತ್ರ ಹೊತ್ತುತ್ತಲೇ ಇರಲಿಲ್ಲ.

ಸೌದೆಯಾಗಲಿ ಮೆದು ಕಲ್ಲಿದ್ದಲಾಗಲಿ ಕಾದಾಗ ಅನಿಲ ಬಿಡುತ್ತದೆ, ಆ ಅನಿಲವೇ ಜ್ವಾಲೆಯಾಗಿ ಪಕ್ಕದ ತುಂಡಿಗೆ ಹಬ್ಬುತ್ತದೆ. ಆಂಥ್ರಸೈಟ್ ಬಹುತೇಕ ಇಂಗಾಲವೇ. ಅಂಥ ಅನಿಲ ಶೇ 8ಕ್ಕಿಂತ ಕಡಿಮೆ. ಅಡಿಯಿಂದ ಗಾಳಿ ಏರದಿದ್ದರೆ ಬೆಂಕಿ ನಂದಿಹೋಗುತ್ತದೆ. ಅಲ್ಲಿನ ವಿಲ್ಕ್ಸ್-ಬ್ಯಾರಿ ಎಂಬ ಊರಿನ ಜೆಸ್ಸಿ ಫೆಲ್ 1808ರ ಫೆಬ್ರವರಿ 11ರಂದು ಅಗ್ಗಿಷ್ಟಿಕೆಯಲ್ಲಿ ಕಬ್ಬಿಣದ ಸರಳುಗಳ ಜಾಲರಿ ಕೂರಿಸಿ, ತಿದಿಯಿಲ್ಲದೆ ಇದನ್ನು ಉರಿಸಿ ತೋರಿಸಿದ. 1812ರ ಯುದ್ಧದಲ್ಲಿ ಬ್ರಿಟಿಷರ ದಿಗ್ಬಂಧನದಿಂದ ಫಿಲಡೆಲ್ಫಿಯಾಕ್ಕೆ ಹಡಗಿನಲ್ಲಿ ಬರುತ್ತಿದ್ದ ಕಲ್ಲಿದ್ದಲು ನಿಂತಿತು. ಆಂಥ್ರಸೈಟ್‌ಗೆ ಪೇಟೆ ತೆರೆಯಿತು.

ಜಾಲರಿ ಬಂದ ಮೇಲೆ ತುಂಡಿನ ಗಾತ್ರದ ಪ್ರಶ್ನೆ ಎದ್ದಿತು. ಗಾಳಿ ಸುಳಿಯಲು ತುಂಡುಗಳ ನಡುವೆ ಸಮನಾದ ಸಂದು ಬೇಕು. ಹಾಗಾಗಿ ಇದ್ದಲನ್ನು ಒಡೆದು, ಜರಡಿ ಹಿಡಿದು ಮಾರುವ ಪದ್ಧತಿ ಬಂತು: ಕೈಯಿಂದ ತುಂಬುವ ಒಲೆಗೆ 21ರಿಂದ 41 ಮಿ.ಮೀ.ನ 'ನಟ್', ಅದಕ್ಕಿಂತ ಸಣ್ಣದು 'ಪೀ', 'ಬಕ್‌ವೀಟ್', 5ರಿಂದ 8 ಮಿ.ಮೀ.ನ 'ರೈಸ್'. ಆ ಜರಡಿಮನೆಗಳಲ್ಲಿ ಕಲ್ಲು ಆರಿಸುತ್ತ ಕೂತವರು ಬೆರಳು ಸೀಳಿಕೊಂಡ ಪುಟ್ಟ ಹುಡುಗರು. ಮನೆ ಬೆಚ್ಚಗಿಡಲು ತೆತ್ತ ಬೆಲೆಯಲ್ಲಿ ಅದೂ ಸೇರಿತ್ತು.

ಒಲೆ ಹೊತ್ತಿಸುವ ಕ್ರಮ ಇಂದಿಗೂ ಬದಲಾಗಿಲ್ಲ. ಮೊದಲು ಸೌದೆಯ ಕೆಂಡ, ಅದರ ಮೇಲೆ ತೆಳುವಾಗಿ ಇದ್ದಲು. ಅದು ಹತ್ತಿಕೊಂಡ ಮೇಲೆ ಒಲೆಯೊಳಗಿನ, ಕಾವು ತಾಳುವ ಇಟ್ಟಿಗೆಯ ಅಂಚಿನವರೆಗೂ ತುಂಬಬೇಕು. ಇದ್ದಲಿನ ಪದರ ತೆಳ್ಳಗಿದ್ದರೆ ಕಾವು ನಿಲ್ಲದು. ಹೊಸದು ಹಾಕುವಾಗ ಒಂದು ಮೂಲೆಯ ಕೆಂಡ ಕಾಣುತ್ತಿರಲಿ. ಪೂರ್ತಿ ಮುಚ್ಚಿದರೆ ಅನಿಲ ಕೂಡಿಕೊಂಡು ಒಮ್ಮೆಲೇ ಸಿಡಿಯಬಹುದು. ಸಣ್ಣ ನೀಲಿ ಜ್ವಾಲೆಗಳು ಕುಣಿಯತೊಡಗಿದರೆ ಸರಿ ಹತ್ತಿದೆಯೆಂದು ಅರ್ಥ. ದಿನಕ್ಕೆರಡು ಸಲ, ಬೂದಿ ತಟ್ಟೆಯಲ್ಲಿ ಕೆಂಪು ಹೊಳೆಯುವವರೆಗೆ ಜಾಲರಿ ಅಲ್ಲಾಡಿಸಬೇಕು. ಮೇಲಿನಿಂದ ಕೆದಕಲೇಬಾರದು: ಬೂದಿ ಕೆಂಡದೊಳಗೆ ಸೇರಿ, ಕರಗಿ, ಕಿಟ್ಟವಾಗಿ ಸರಳುಗಳನ್ನು ಕಟ್ಟಿಬಿಡುತ್ತದೆ.

1902ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ 1.4 ಲಕ್ಷಕ್ಕೂ ಹೆಚ್ಚು ಆಂಥ್ರಸೈಟ್ ಗಣಿ ಕಾರ್ಮಿಕರು ಮುಷ್ಕರ ಹೂಡಿದಾಗ, ಈ ಇದ್ದಲನ್ನೇ ನೆಚ್ಚಿದ್ದ ನ್ಯೂಯಾರ್ಕ್‌ನಂಥ ಊರುಗಳೂ ನಡುಗಿದವು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ತಾವೇ ಮಧ್ಯಸ್ಥಿಕೆಗೆ ಇಳಿಯಬೇಕಾಯಿತು. 1917ರ ಸುಮಾರಿಗೆ ಉತ್ಪಾದನೆ 10 ಕೋಟಿ ಟನ್ನಿನ ತುದಿ ಮುಟ್ಟಿತು. ಮುಂದೆ ಎಣ್ಣೆ, ಅನಿಲ ಬಂದು ಅದು ಇಳಿಯುತ್ತಲೇ ಹೋಯಿತು. ಉಳಿದ ಮನೆಗಳಲ್ಲಿ ಹಲವು ಈಗ ಉರಿಸುವುದು, ಹಿಂದೆ ಕಸವೆಂದು ಗುಡ್ಡೆ ಹಾಕುತ್ತಿದ್ದ 'ರೈಸ್' ಚೂರುಗಳನ್ನೇ. ಸ್ಟೋಕರ್ ಎಂಬ ಯಂತ್ರ ಅದನ್ನು ಸ್ವಲ್ಪಸ್ವಲ್ಪವೇ ಬೆಂಕಿಗೆ ತಳ್ಳುತ್ತದೆ, ಫ್ಯಾನು ಅಡಿಯಿಂದ ಗಾಳಿ ಊದುತ್ತದೆ.

ಹೊರಗೆ ಚಳಿ ಕಡಿಮೆಯಾದ ದಿನ ಚಿಮಣಿಯ ಸೆಳೆತವೂ ಕುಗ್ಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೆ ತಿರುಗುವುದು ಆಗಲೇ, ವಾಸನೆಯೂ ಇಲ್ಲದೆ. ಮಲಗುವ ಕೋಣೆಯ ಬಳಿ ಅದನ್ನು ಪತ್ತೆಹಚ್ಚುವ ಅಲಾರಂ ಇಲ್ಲದೆ ಈ ಒಲೆ ಹಚ್ಚಬಾರದು. ಬೂದಿ ಮುಚ್ಚಳವಿರುವ ಲೋಹದ ಬಕೆಟ್ಟಿಗೇ ಹೋಗಬೇಕು. ಇನ್ನು ಋತು ಮುಗಿದ ವಾರವೇ ಹೊಗೆಕೊಳವೆ ಕಳಚಿ ಗುಡಿಸಬೇಕು: ಒಳಗಂಟಿದ ಹಾರುಬೂದಿಯ ಗಂಧಕ ಬೇಸಿಗೆಯ ತೇವ ಹೀರಿ ಆಮ್ಲವಾಗಿ, ಮುಂದಿನ ಚಳಿಗಾಲದೊಳಗೆ ತಗಡನ್ನು ತೂತು ಮಾಡಿರುತ್ತದೆ.