ಕಾಯುತ್ತಿರುವುದು ಸೂರ್ಯನೋ, ಕಂಬಳಿಯೋ?

ಪ್ರಶ್ನೆ: ಪುಣೆಗೆ ಬಂದು ನಲವತ್ತು ವರ್ಷವಾಯಿತು. ಆಗ ನಮ್ಮ ಮನೆಯಲ್ಲಿ ಫ್ಯಾನೇ ಇರಲಿಲ್ಲ. ಈಗ ಏಪ್ರಿಲ್ ರಾತ್ರಿ ಕೂಲರ್ ಇಲ್ಲದೆ ನಿದ್ದೆಯಿಲ್ಲ. ಸೂರ್ಯನಲ್ಲಿ ಕಲೆಗಳು ಹೆಚ್ಚಿವೆ ಎಂದು ಓದಿದೆ. ಭೂಮಿ ಬಿಸಿಯಾಗಲು ಅವನೇ ಕಾರಣವಲ್ಲವೇ?
– ಕೋಥ್ರೂಡ್‌ನ ಓದುಗರು

ಉತ್ತರ: ನಿಮ್ಮ ಗುಮಾನಿ ಹಳೆಯದು, ಗೌರವಸ್ಥರದ್ದು ಕೂಡ. ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ನೂರು ವರ್ಷಗಳ ಹಿಂದೆಯೇ ಸೂರ್ಯಕಲೆಗೂ ಮಳೆಗೂ ನಂಟಿದೆಯೇ ಎಂದು ಹುಡುಕಿದ್ದರು.

ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ. ಈಗಿನ ಆವರ್ತ 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. ಕಲೆ ಹೆಚ್ಚಿದರೆ ಸೂರ್ಯ ಮಂಕಾಗಬೇಕು ಅನ್ನಿಸುತ್ತದೆ, ಆಗುವುದು ತಿರುವುಮುರುವು. ಕಲೆಗಳ ಜೊತೆಗೇ ಏಳುವ ಹೊಳಪಿನ ತೇಪೆಗಳು ಆ ನಷ್ಟವನ್ನು ತುಂಬಿ, ಮೇಲೊಂದಿಷ್ಟು ಕೊಡುತ್ತವೆ. ಎಷ್ಟು? ಚದರ ಮೀಟರಿಗೆ ಸಿಗುವ 1361 ವ್ಯಾಟ್‌ನಲ್ಲಿ ಒಂದು ವ್ಯಾಟ್‌ನಷ್ಟು. ಅದು ಗೋಲಾಕಾರದ ಭೂಮಿಯ ಮೇಲೆಲ್ಲ ಹರಡಿ, ಒಂದು ಪಾಲು ಮೋಡ, ಮಂಜುಗಡ್ಡೆಗೆ ತಾಗಿ ಹಿಂದಿರುಗಿದ ಮೇಲೆ ಉಳಿಯುವುದು 0.2 ವ್ಯಾಟ್‌ಗೂ ಕಡಿಮೆ. ಮನುಷ್ಯರು ಗಾಳಿಗೆ ಸೇರಿಸಿದ, ಕಂಬಳಿಯಂತೆ ಶಾಖ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ ಒಂದೇ ಸುಮಾರು 2 ವ್ಯಾಟ್ ಹೇರಿದೆ. ಅದು ಆವರ್ತದಂತೆ ಇಳಿಯುವುದೂ ಇಲ್ಲ.

1645ರಿಂದ 1715ರವರೆಗೆ ಕಲೆಗಳು ಬಹುಪಾಲು ಮಾಯವಾಗಿದ್ದವು, ಯುರೋಪಿನಲ್ಲಿ ಆಗ ಕಡುಚಳಿ. ಆದರೆ ಆ ಕಾಲದ ಚಳಿಯಲ್ಲಿ ಜ್ವಾಲಾಮುಖಿಗಳ ಪಾಲೂ ಇತ್ತು.

ನನ್ನನ್ನು ಒಪ್ಪಿಸಿದ್ದು ಮಾತ್ರ ಈ ಲೆಕ್ಕವಲ್ಲ, ಮೇಲಿನ ಗಾಳಿ. ಸೂರ್ಯನೇ ಹೆಚ್ಚು ಕಾದಿದ್ದರೆ ವಾಯುಮಂಡಲದ ಕೆಳಪದರವೂ ಮೇಲ್ಪದರವೂ ಒಟ್ಟಿಗೆ ಬಿಸಿಯಾಗಬೇಕಿತ್ತು. ಅಳೆದು ನೋಡಿದರೆ ಕೆಳಗೆ ಬಿಸಿ, ಮೇಲೆ ವಾಯುಮಂಡಲದ ಎರಡನೆಯ ಪದರ ತಣ್ಣಗಾಗುತ್ತಿದೆ. ಕಂಬಳಿ ಹೊದ್ದವನಿಗೆ ಒಳಗೆ ಸೆಕೆ, ಕಂಬಳಿಯ ಹೊರಮೈ ತಣ್ಣಗೆ, ಹಾಗೆ. ಉಪಗ್ರಹಗಳು 1978ರಿಂದ ಸೂರ್ಯನನ್ನು ಅಳೆಯುತ್ತಿವೆ. ಅವನ ಬೆಳಕಿನಲ್ಲಿ ಏರುಮುಖವೇ ಕಂಡಿಲ್ಲ.

ಹಾಗೆಂದು ಸೂರ್ಯನನ್ನು ಕಡೆಗಣಿಸುವಂತಿಲ್ಲ. ಅವನ ನೇರಳಾತೀತ ಕಿರಣ ಉಳಿದ ಬೆಳಕಿಗಿಂತ ಹೆಚ್ಚು ಏರಿಳಿಯುತ್ತದೆ, ಓಜೋನ್ ಪದರವನ್ನು ಕದಲಿಸುತ್ತದೆ. ಆ ಕಿರಣವನ್ನೇ ನೋಡುವ ದೂರದರ್ಶಕವೊಂದು ಇಸ್ರೋದ ಆದಿತ್ಯ ಎಲ್-1 ನೌಕೆಯಲ್ಲಿದೆ. ಆ ದೂರದರ್ಶಕವನ್ನು ಕಟ್ಟಿದ್ದು ನಿಮ್ಮೂರಿನ ಖಗೋಳವಿಜ್ಞಾನ ಸಂಸ್ಥೆ ಐಯುಕಾ.

ಇನ್ನು ನಿಮ್ಮ ನಿದ್ದೆಯ ವಿಷಯ. ನೀವು ದೂರಿರುವುದು ರಾತ್ರಿಯನ್ನು, ಅಂದರೆ ಸೂರ್ಯನಿಲ್ಲದ ಹೊತ್ತನ್ನು! ಜಗತ್ತಿನಾದ್ಯಂತ ಹಗಲಿಗಿಂತ ರಾತ್ರಿಗಳೇ ಬೇಗ ಬಿಸಿಯಾಗಿವೆ. ಪುಣೆಯಲ್ಲಿ ಅದಕ್ಕೆ ಕಾಂಕ್ರೀಟೂ ಜೊತೆಗೂಡಿದೆ. ಇಂದು ರಾತ್ರಿ ಹತ್ತಕ್ಕೆ ಪಡುವಣ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿ.